ಕೆಳಗಿನಿಂದ ನಾನು ಕೂಗಿದ್ದು

ನನ್ನ ಗಂಡ ಮನೆಗಳಿಗೆ ಟಿವಿ ಡಿಶ್ ಕೂರಿಸುವ ಕೆಲಸ ಮಾಡುತ್ತಿದ್ದರು. ಅವರನ್ನು ಪಕ್ಕದ ಮನೆಯ ಇಸ್ತ್ರಿಯವನು ಕಬ್ಬಿಣದ ಪೈಪಿನಿಂದ ಹೊಡೆದು ಕೊಂದ. ಮೊದಲು ಹೊಡೆದವರು ಯಾರು ಎಂಬುದರ ಮೇಲೆ ಕೇಸು ನಿಂತಿತ್ತು. ಅದು ಗೊತ್ತಿದ್ದದ್ದು ಮೂವರಿಗೆ. ಒಬ್ಬರು ಸತ್ತಿದ್ದರು. ಒಬ್ಬ ಜೈಲಿನಲ್ಲಿದ್ದ. ಇನ್ನೊಬ್ಬಳು ನಾನು.

ಅವರು ಎಂಥವರು ಎಂದು ಹೇಳಿಬಿಡುತ್ತೇನೆ. ಸತ್ತವರೆಂದು ಬೆಣ್ಣೆ ಹಚ್ಚುವುದಿಲ್ಲ.

ಬೀದಿಯವರು ಅವರನ್ನು ಛತ್ರಿ ಎಂದು ಕರೆಯುತ್ತಿದ್ದರು. ಡಿಶ್ಶಿಗೂ ಛತ್ರಿ ಅನ್ನುತ್ತಾರೆ, ಕಿಲಾಡಿ ಮನುಷ್ಯನಿಗೂ ಅನ್ನುತ್ತಾರೆ. ಎರಡೂ ಅವರಿಗೆ ಒಪ್ಪುತ್ತಿತ್ತು. ಕೆಲಸದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಕಂಬ ನೆಟ್ಟಗಿದೆಯೇ ಎಂದು ಮೂರು ಕಡೆಯಿಂದ ನೋಡುವರು. ಬೋಲ್ಟನ್ನು ಅರ್ಧ ಸಡಿಲ ಮಾಡಿ, ಮಗುವಿನ ತಲೆ ತಿರುಗಿಸಿದ ಹಾಗೆ ಮೆಲ್ಲಗೆ ಡಿಶ್ ತಿರುಗಿಸುವರು. "ಇಲ್ಲಿ ಕೂದಲೆಳೆ ತಪ್ಪಿದ್ರೆ ಅಲ್ಲಿ ಆಕಾಶದಲ್ಲಿ ಹತ್ತು ಊರು ತಪ್ಪುತ್ತೆ ಕಣೇ" ಎನ್ನುವರು. ಅಂಥ ನಾಜೂಕಿನ ಕೈ ಮನುಷ್ಯರ ಮೇಲೆ ಬಿದ್ದರೆ ಮಾತ್ರ ಸುತ್ತಿಗೆ.

ನಮ್ಮ ಮನೆಯ ಡಿಶ್ ಹೊಂದಿಸುವಾಗ ನಾನು ಟಿವಿ ಮುಂದೆ ಕೂತು ಕೂಗಬೇಕು. ಪರದೆಯ ಮೇಲೆ ಎರಡು ಪಟ್ಟಿ ಬರುತ್ತವೆ. ಇಂಗ್ಲಿಷು ನನಗೆ ಬಾರದು. ಮೇಲಿನದು ಸಿಗ್ನಲ್ಲಿನ ಬಲ, ಕೆಳಗಿನದು ಗುಣ ಎಂದು ಅವರೇ ಹೇಳಿಕೊಟ್ಟಿದ್ದರು. ತಪ್ಪು ಉಪಗ್ರಹದ ಕಡೆ ತಿರುಗಿದರೂ ಬಲ ತೋರಿಸುತ್ತದೆ. ಗುಣ ಬರುವುದು ನಮ್ಮ ಉಪಗ್ರಹಕ್ಕೇ ತಿರುಗಿದಾಗ. ಗುಣ ಬಂದರೇನೇ ಚಿತ್ರ.

"ನಿಮ್ಮದೂ ಅದೇ ಕತೆ ರೀ. ಬಲ ತೊಂಬತ್ತು, ಗುಣ ಸೊನ್ನೆ" ಎಂದಿದ್ದೆ ಒಂದು ಸಲ. ಹೊಟ್ಟೆ ಹಿಡಿದುಕೊಂಡು ನಕ್ಕರು. ಅದೇ ಮಾತಿಗೆ ಇನ್ನೊಂದು ದಿನ ರಿಮೋಟು ಎಸೆದರು. ನನ್ನ ಹಣೆ ಒಡೆಯಿತು. ನಾನು ಸೌಟು ತಗೊಂಡು ಅವರ ಕಿವಿಗೆ ಬಾರಿಸಿದೆ. ಅದೂ ಒಡೆಯಿತು. ಇಬ್ಬರೂ ಒಂದೇ ಟವಲಿನಲ್ಲಿ ರಕ್ತ ಒರೆಸಿಕೊಂಡು ಡಾಕ್ಟರ ಹತ್ತಿರ ಹೋದೆವು. ಬಿದ್ದಿರಾ ಎಂದು ಡಾಕ್ಟರು ಕೇಳಿದರು. "ಇಲ್ಲ, ಮೊದಲು ನಾನು ಹೊಡೆದೆ, ಆಮೇಲೆ ಅವಳು" ಎಂದರು. ಹೊಡೆಯುತ್ತಿದ್ದರು, ಆದರೆ ಹೊಡೆದಿಲ್ಲ ಎಂದು ಯಾವತ್ತೂ ಹೇಳಿದವರಲ್ಲ.

ಇಸ್ತ್ರಿಯವನಿಗೆ ಒಗೆಯಲು ಲಾಡ್ಜಿನ ಬಟ್ಟೆಯೂ ಬರುತ್ತಿತ್ತು. ತಾರಸಿ ಎರಡು ಮನೆಗೂ ಸೇರಿದ್ದು. ಅವನು ಹಗ್ಗದ ಒಂದು ತುದಿ ನೀರಿನ ಪೈಪಿಗೆ, ಇನ್ನೊಂದು ತುದಿ ನಮ್ಮ ಡಿಶ್ಶಿನ ತೋಳಿಗೆ ಕಟ್ಟುತ್ತಿದ್ದ. ಒದ್ದೆ ಹಾಸಿಗೆ ಬಟ್ಟೆಯ ಭಾರಕ್ಕೆ ಡಿಶ್ ವಾಲುತ್ತಿತ್ತು. ಒಂದೇ ತಿಂಗಳಲ್ಲಿ ಇವರು ಮೂರು ಸಲ ಸರಿ ಮಾಡಿದರು.

ಮೂರನೆಯ ಸಲ ಮೆಟ್ಟಿಲ ಮೇಲೆ ಇಬ್ಬರೂ ಎದುರಾದರು.

"ಇನ್ನೊಂದ್ಸಲ ಹಗ್ಗ ಕಟ್ಟಿದ್ರೆ ಅದೇ ಹಗ್ಗದಲ್ಲಿ ನಿನ್ನ ಕಟ್ತೀನಿ" ಎಂದರು ಇವರು.

"ಕಟ್ಟಿ ಏನ್ಮಾಡ್ತೀಯ ಛತ್ರಿ ಅಣ್ಣ, ಇಸ್ತ್ರಿ ಮಾಡಿ ಮಡಚಿ ಇಡ್ತೀಯಾ?"

"ಮಡಚೋದು ಗ್ಯಾರಂಟಿ."

"ಹೋಗಪ್ಪ. ಊರಿಗೆಲ್ಲ ಟಿವಿ ತೋರಿಸ್ತೀಯ, ನಿನ್ನ ಮನೇಲಿ ನೀಲಿ ಪರದೆ. ಅಕ್ಕ ಪಾಪ ಅದನ್ನೇ ನೋಡ್ಕೊಂಡು ಕೂತಿರ್ತಾರೆ."

ನನಗೆ ನಗು ಬಂತು. ತಡೆಯಬೇಕಿತ್ತು, ತಡೆಯಲಿಲ್ಲ. ಇವರು ನೋಡಿದರು. ಆ ನಗು ಅವರಿಗೆ ಚುಚ್ಚಿತು ಎಂದು ನನಗೆ ಗೊತ್ತು.

ಅವರು ಸತ್ತ ದಿನ ಭಾನುವಾರ. ಡಿಶ್ ಮತ್ತೆ ವಾಲಿತ್ತು. ಊಟದ ಹೊತ್ತಿಗಿಂತ ಮುಂಚೆ ಸ್ಪ್ಯಾನರು ಹಿಡಿದು ಮೇಲೆ ಹೋದರು. ಮೆಟ್ಟಿಲ ಬಾಗಿಲು ತೆಗೆದಿತ್ತು. ಮಾತು ಚೆನ್ನಾಗಿ ಕೇಳಿಸುತ್ತಿತ್ತು.

"ಎಷ್ಟಿದೆ?"

"ಬಲ ಎಂಬತ್ತು. ಗುಣ ಇಲ್ಲ."

"ಈಗ ನೋಡೇ."

"ಹನ್ನೆರಡು. ಹದಿನೆಂಟು. ಹೋಯ್ತು."

"ನೀನು ಕಣ್ಣು ಮಿಟುಕಿಸಬೇಡ, ಅದಕ್ಕೇ ಹೋಗುತ್ತೆ."

ಆಗ ಇಸ್ತ್ರಿಯವನ ದನಿ ಕೇಳಿಸಿತು. ಬಕೆಟ್ಟು ನೆಲಕ್ಕೆ ಕುಕ್ಕಿದ. "ನನ್ನ ಹಗ್ಗ ಯಾಕೋ ಕೊಯ್ದೆ?"

"ಹಗ್ಗ ಕೊಯ್ದಿದ್ದೀನಿ. ಡಿಶ್ ಮುಟ್ಟಿದ್ರೆ ಕೈನೂ ಮುರೀತೀನಿ."

"ಮುಟ್ಟಿದೆ ನೋಡು. ಏನ್ ಕಿತ್ಕೊಳ್ತೀಯ?"

ಕಬ್ಬಿಣ ಮೂಳೆಗೆ ಬಡಿದ ಸದ್ದು. "ಅಯ್ಯೋ, ಬೆರಳು! ಬೆರಳು ಮುರಿದ!" ಎಂದು ಇಸ್ತ್ರಿಯವನು ಅರಚಿದ.

ನಾನು ಏಳಲಿಲ್ಲ. ಅವರ ಜಗಳ ನನಗೆ ಹೊಸದಲ್ಲ. ನಾಲ್ಕು ಕೊಟ್ಟು ನಾಲ್ಕು ತಿಂದು ಬರುತ್ತಾರೆ ಎಂದುಕೊಂಡೆ. ಮೇಲೆ ತಾರಸಿಯಲ್ಲಿ ಕಾಲು ಎಳೆದಾಡಿದವು. ಪಟ್ಟಿಗಳು ಏರಿದವು, ಇಳಿದವು. ದಪ್ಪನೆ ಒಂದು ಪೆಟ್ಟು ಬಿತ್ತು. ಗೋಡೆಯ ಸುಣ್ಣ ಉದುರಿತು. ಇನ್ನೊಂದು ಬಿತ್ತು. ಗುಣದ ಪಟ್ಟಿ ಅರವತ್ತೈದಕ್ಕೆ ಹಾರಿ ಅಲ್ಲೇ ನಿಂತಿತು. ಪರದೆ ತುಂಬ ಚಿತ್ರ. ಯಾರೋ ಹೆಂಗಸು ಹಾಡುತ್ತಿದ್ದಳು.

ನಾನು ಕೂಗಿದೆ: "ಬಂತು! ಬಂತು ರೀ! ಅಲ್ಲಾಡಿಸಬೇಡಿ, ಹಾಗೇ ಬಿಡಿ! ಬೋಲ್ಟು ಬಿಗಿ ಮಾಡಿ ಇಳಿದು ಬನ್ನಿ, ಊಟ ಆರ್ತಾ ಇದೆ!"

ಕೂಗಿ ಮುಗಿಸಿದ ಮೇಲೆ ಮೂರನೆಯ ಪೆಟ್ಟು ಬಿತ್ತು. ಅದು ಗಟ್ಟಿ ಸದ್ದಲ್ಲ. ಒದ್ದೆ ಸದ್ದು.

ಓಡಿ ಹೋದೆ. ಇವರು ಡಿಶ್ಶಿಗೆ ಬೆನ್ನು ಆನಿಸಿ ಕೂತಿದ್ದರು. ಅವರ ಭಾರಕ್ಕೆ ಅದು ತಿರುಗಿ ಸರಿಯಾದ ಜಾಗಕ್ಕೆ ಬಂದಿತ್ತು. ತಲೆ ಒಂದು ಕಡೆ ತೆರೆದಿತ್ತು. ಡಿಶ್ಶಿನ ಬಟ್ಟಲಿನಲ್ಲಿ ರಕ್ತ. ಇಸ್ತ್ರಿಯವನು ತಾರಸಿಯಲ್ಲಿ ಬಿದ್ದಿದ್ದ ಕಬ್ಬಿಣದ ಪೈಪು ಹಿಡಿದು ನಿಂತಿದ್ದ. ಅವನ ಎರಡು ಬೆರಳು ತಿರುಚಿಕೊಂಡು ನೇತಾಡುತ್ತಿದ್ದವು. ಪೈಪು ಕಸಿದುಕೊಂಡು ಅವನ ಮೊಣಕಾಲಿಗೆ ಬೀಸಿದೆ. ಬಿದ್ದ. ತಲೆಗೆ ಬೀಸಲು ಎತ್ತಿದ್ದೆ. ಅಷ್ಟರಲ್ಲಿ ಜನ ಬಂದು ಹಿಡಿದರು.

ಇವರನ್ನು ಎತ್ತಿದಾಗ ಡಿಶ್ ಮತ್ತೆ ತಿರುಗಿತು. ಕೆಳಗೆ ಹಾಡು ನಿಂತಿತು.

ಕೋರ್ಟಿನ ಹಿಂದಿನ ದಿನ ಮೈದುನ ಬಂದ. ನೀರು ಕೊಟ್ಟೆ, ಕುಡಿಯಲಿಲ್ಲ.

"ಅತ್ತಿಗೆ, ಬೆರಳು ಮುರಿದದ್ದು ಆಮೇಲೆ ಅನ್ನಿ. ಅವನು ಪೈಪು ಎತ್ತಿದ, ಅಣ್ಣ ಜೀವ ಉಳಿಸ್ಕೊಳ್ಳೋಕೆ ಸ್ಪ್ಯಾನರು ಬೀಸಿದ ಅನ್ನಿ. ಅಷ್ಟೇ. ಅವನು ಸಾಯೋತನಕ ಒಳಗಿರ್ತಾನೆ."

"ಕೇಳಿಸಿದ್ದು ಹಾಗಲ್ಲವಲ್ಲ."

"ನಿಮಗೆ ಕೇಳಿಸಿದ್ದು ಯಾರಿಗೆ ಬೇಕು? ಅಣ್ಣ ಹೋದ."

ನನಗೂ ಇಸ್ತ್ರಿಯವನು ಸಾಯಬೇಕು ಎಂದೇ ಇತ್ತು. ಈಗಲೂ ಇದೆ. ಆದರೆ ನನ್ನ ಗಂಡ ತಾನು ಹೊಡೆದದ್ದನ್ನು ಮುಚ್ಚಿಟ್ಟವರಲ್ಲ. ಅವರ ಪರವಾಗಿ ನಾನು ಹೇಗೆ ಮುಚ್ಚಿಡಲಿ? ಮುಚ್ಚಿಟ್ಟರೆ ಕೋರ್ಟಿನಲ್ಲಿ ಉಳಿಯುವುದು ಬೇರೆ ಯಾರೋ ಸಾಧು ಮನುಷ್ಯ. ಅವನನ್ನು ನಾನು ಮದುವೆಯಾಗಿರಲಿಲ್ಲ.

ಮೊದಲು ಹೊಡೆದದ್ದು ಯಾರು ಎಂದು ಇಸ್ತ್ರಿಯವನ ವಕೀಲರು ಕೇಳಿದರು.

"ನಮ್ಮವರು. ಎರಡು ಬೆರಳು ಮುರಿದರು."

ವಕೀಲರು ನಕ್ಕು ಕೂರಲು ಹೋದರು. ನಾನು ಕಟಕಟೆ ಬಿಡಲಿಲ್ಲ. "ಇನ್ನೂ ಇದೆ ಸ್ವಾಮಿ. ಎರಡನೇ ಪೆಟ್ಟಿಗೇ ಅವರು ಕೂತುಬಿಟ್ಟಿದ್ದರು. ಚಿತ್ರ ಅಲ್ಲಾಡದೆ ನಿಂತದ್ದು ಅದಕ್ಕೆ. ಮೂರನೇದು ತಡವಾಗಿ ಬಿತ್ತು."

ಎಷ್ಟು ತಡ ಎಂದು ನ್ಯಾಯಾಧೀಶರು ಕೇಳಿದರು. ಗಡಿಯಾರ ನೋಡಿರಲಿಲ್ಲ ಎಂದೆ. ಆವತ್ತು ಕೂಗಿದ್ದನ್ನು ಅಲ್ಲಿ ಹಾಗೇ ಕೂಗಿದೆ. ಬಂತು ಎನ್ನುವುದರಿಂದ ಊಟದವರೆಗೆ, ಒಂದು ಮಾತೂ ಬಿಡದೆ. ಕೂಗಿ ಮುಗಿಸಿ ಹೇಳಿದೆ: "ಇಷ್ಟು ಹೊತ್ತು ಪೈಪು ಅವನ ಕೈಯಲ್ಲಿತ್ತು. ನಾನು ಕೂಗಿದ್ದು ಅವನಿಗೆ ಕೇಳಿಸಿತ್ತು. ಆಮೇಲೆ ಹೊಡೆದ."

ಜೀವಾವಧಿ ಆಗಲಿಲ್ಲ. ಬಿಡುಗಡೆಯೂ ಆಗಲಿಲ್ಲ. ಹತ್ತು ವರ್ಷ ಎಂದರು. ಹೊರಗೆ ಮೆಟ್ಟಿಲ ಹತ್ತಿರ ಮೈದುನ ಅಡ್ಡ ನಿಂತ.

"ಅಣ್ಣನ್ನ ರೌಡಿ ಮಾಡಿ ಬಂದ್ರಲ್ಲ ಅತ್ತಿಗೆ. ಕೊಂದೋನ ಪರ ನೀವೇ ಸಾಕ್ಷಿ ಹೇಳಿದ್ರಿ. ನಿಮ್ಮಂಥವಳನ್ನ ಕಟ್ಕೊಂಡಿದ್ದಕ್ಕೇ ಅವನು ಸತ್ತ."

ಕೆನ್ನೆಗೆ ಬಿಟ್ಟೆ. ಅವನ ತುಟಿ ಹಲ್ಲಿಗೆ ಸಿಕ್ಕಿ ರಕ್ತ ಬಂತು. ಪೊಲೀಸಿನವರು "ಅಮ್ಮಾ, ಸಾಕು ಬಿಡಿ" ಎಂದರು. ಮೈದುನ ಕೈ ಎತ್ತಲಿಲ್ಲ. ರಕ್ತ ಒರೆಸಿಕೊಳ್ಳುತ್ತ ನಿಂತಿದ್ದ. ಅವನು ತಿರುಗಿ ಹೊಡೆಯುವುದಿಲ್ಲ ಎಂದು ನನಗೆ ಕಾಣುತ್ತಿತ್ತು. ಆದರೂ ಇನ್ನೊಂದು ಹೊಡೆದೆ.