ಬಲಗೈಗೆ ಕಟ್ಟಿದ ಬ್ಯಾಂಡು

ಆ ಆಸ್ಪತ್ರೆಯ ಲಾಂಡ್ರಿಯಲ್ಲಿ ದೊಡ್ಡಕ್ಕ ಹತ್ತೊಂಬತ್ತು ವರ್ಷದಿಂದ ಬೆಡ್‌ಶೀಟ್ ಮಡಿಚುತ್ತಿದ್ದಳು. ಅವಳ ಪಕ್ಕದ ಮೇಜು ಬಾಣಂತಿಯದು. ಮಗುವಿಗೆ ಏಳು ತಿಂಗಳಾದರೂ ಎಲ್ಲರ ಬಾಯಲ್ಲಿ ಅವಳಿನ್ನೂ ಬಾಣಂತಿಯೇ.

ಮಣಿಕಟ್ಟಿಗೆ ಕಟ್ಟುವ ಬ್ಯಾಂಡುಗಳು ಬಂದ ಮೇಲೆ ಲಾಂಡ್ರಿಯ ಹರಟೆ ನಿಂತುಹೋಗಿತ್ತು. ಕೈ ಎಷ್ಟು ಸಲ ಆಡಿತೆಂದು ಅವು ಎಣಿಸುತ್ತಿದ್ದವು. ಎರಡು ನಿಮಿಷ ಕೈ ನಿಂತರೆ ಗೋಡೆಯ ಪರದೆಯಲ್ಲಿ ಅದನ್ನು ಕಟ್ಟಿಕೊಂಡವಳ ನಂಬರು ಕೆಂಪಗಾಗುತ್ತಿತ್ತು.

“ನನ್ನ ಗಂಡನೂ ನನ್ನ ಇಷ್ಟೊಂದು ಗಮನಿಸಿರ್ಲಿಲ್ಲ ಕಣೇ,” ಎಂದು ದೊಡ್ಡಕ್ಕ ನಕ್ಕಿದ್ದಳು.

ಬಾಣಂತಿಗೆ ನಗು ಬರಲಿಲ್ಲ. ದಿನಾ ಹನ್ನೊಂದಕ್ಕೆ ಕೆಲಸಗಾರರ ಮಕ್ಕಳ ಶಿಶುಕೋಣೆಗೆ ಓಡಿ ಮಗುವಿಗೆ ಹಾಲು ಕೊಡಬೇಕು. ಬಾಟಲಿ ಕಂಡರೆ ಅದು ಮುಖ ತಿರುಗಿಸುತ್ತಿತ್ತು.

“ನಿಂದು ಬಿಚ್ಚಿ ಇಲ್ಲಿ ಕೊಡು,” ಎಂದಳು ದೊಡ್ಡಕ್ಕ. ತನ್ನ ಬ್ಯಾಂಡನ್ನು ಎಡಗೈಗೆ ಬದಲಿಸಿ, ಅವಳದನ್ನು ಬಲಗೈಗೆ ಕಟ್ಟಿಕೊಂಡಳು. “ಮಡಿಚೋದೆಲ್ಲ ಬಲಗೈ. ಎಡಗೈ ಬರೀ ಅಂಚು ಹಿಡ್ಕೊಂಡಿರತ್ತೆ. ನಿನ್ನ ನಂಬರು ಬೀಳಬಾರದು.”

ಮೊದಲು ಹದಿನೈದು ನಿಮಿಷ. ಆಮೇಲೆ ತೊಡೆಯ ಮೇಲೆ ಮಲಗಿದ ಮಗುವನ್ನು ಎತ್ತಿಡಲು ಮನಸ್ಸಾಗದೆ ಅರ್ಧ ಗಂಟೆ, ಮುಕ್ಕಾಲು ಗಂಟೆ. ದೊಡ್ಡಕ್ಕ ಎರಡೂ ಬ್ಯಾಂಡು ಕಟ್ಟಿಕೊಂಡೇ ಮಡಿಚುತ್ತಿದ್ದಳು.

ತಿಂಗಳ ಕೊನೆಗೆ ಪರದೆಯಲ್ಲಿ ಬಾಣಂತಿ ಮೊದಲನೆಯವಳು, ದೊಡ್ಡಕ್ಕ ಕೊನೆಯವಳು. ಒಬ್ಬಳಿಗೆ ಚಪ್ಪಾಳೆ ಬಿತ್ತು.

“ವಯಸ್ಸಾಯ್ತಲ್ಲಕ್ಕಾ ನಿಮಗೆ. ನಾಳೆಯಿಂದ ಕೆಳಗೆ ಹೋಗಿ,” ಎಂದ ಸೂಪರ್‌ವೈಸರ್. ಕೆಳಗೆ ಎಂದರೆ ರಕ್ತ, ವಾಂತಿ ಮೆತ್ತಿದ ಬಟ್ಟೆ ಬೇರ್ಪಡಿಸುವ, ಕಿಟಕಿಯಿಲ್ಲದ ಕೋಣೆ. ದೊಡ್ಡಕ್ಕ ಕೈಯಲ್ಲಿದ್ದ ಬೆಡ್‌ಶೀಟನ್ನು ಪೂರ್ತಿ ಮಡಿಚಿಟ್ಟು ಹೋದಳು.

ಮೂರು ದಿನ ಬಾಣಂತಿ ಕೆಂಪು ನಂಬರಿಗೆ ಹೆದರಿ ಹನ್ನೊಂದಕ್ಕೆ ಏಳಲಿಲ್ಲ, ಊಟದ ಬಿಡುವಿನಲ್ಲಷ್ಟೇ ಮಗುವಿಗೆ ಹಾಲು ಕೊಟ್ಟಳು. ಬಾಯಿಬಿಟ್ಟರೆ ಕೆಲಸ ಹೋಗುತ್ತದೆ. ಬಿಡದಿದ್ದರೆ ಮಗುವಿನ ಮುಖ ನೋಡುವುದು ಹೇಗೆ? ನಾಲ್ಕನೆಯ ದಿನ ಸೂಪರ್‌ವೈಸರ್ ಮುಂದೆ ನಿಂತಳು.

“ಸರ್, ಆ ಲೆಕ್ಕ ನಂದಲ್ಲ. ನನ್ನ ಬ್ಯಾಂಡನ್ನೂ ದೊಡ್ಡಕ್ಕನೇ ಕಟ್ಕೊಂಡಿದ್ರು.”

ಅವನು ಎದ್ದು ಬಾಗಿಲು ಮುಚ್ಚಿದ. “ಇದನ್ನ ಬರೆದ್ರೆ ಇಬ್ಬರನ್ನೂ ತೆಗೀಬೇಕಾಗತ್ತೆ. ನಂಗೇನೂ ಕೇಳಿಸ್ಲಿಲ್ಲಮ್ಮ.”

“ಅವರ ಬದಲು ನನ್ನ ಕೆಳಗೆ ಕಳ್ಸಿ.”

“ಪರದೇಲಿ ಮೊದಲು ಬಂದೋರನ್ನ ಕೆಳಗೆ ಕಳ್ಸಿದ್ರೆ ಮೇಲಿನವ್ರು ನನ್ನ ಸುಮ್ನೆ ಬಿಡ್ತಾರಾ?”

ಅವಳು ಮೆಟ್ಟಿಲಿಳಿದು ಹೋದಳು. ಮೊಣಕೈವರೆಗೆ ಗ್ಲೌಸ್ ತೊಟ್ಟಿದ್ದ ದೊಡ್ಡಕ್ಕ ತಲೆಯೆತ್ತಿ ಕೇಳಿದಳು, “ಹನ್ನೊಂದಾಯ್ತಲ್ಲೇ, ಮಗು ಹಾಲು ಕುಡೀತಾ?”

“ಇಲ್ಲಕ್ಕಾ.”

“ಮತ್ತೆ ಇಲ್ಲೇನು ನನ್ನ ಮುಖ ನೋಡ್ತಾ ನಿಂತಿದೀಯ? ಹೋಗು.”

ಬ್ಯಾಂಡು ಬಿಚ್ಚಿ ಕೊಡಲು ಯಾರೂ ಇರಲಿಲ್ಲ. ಕಟ್ಟಿಕೊಂಡೇ ಹೋಗಿ ಬೆನ್ನು ತಟ್ಟುತ್ತ ಹಾಲು ಕೊಟ್ಟಳು, ತಟ್ಟುತ್ತಲೇ ಮಲಗಿಸಿದಳು. ಕೆಂಪು ನಂಬರನ್ನು ಎದುರಿಸಲು ಮನಸ್ಸು ಗಟ್ಟಿಮಾಡಿಕೊಂಡು ಮರಳಿದಳು.

ಪರದೆಯಲ್ಲಿ ಅವಳ ನಂಬರು ಹಸಿರಾಗಿಯೇ ಇತ್ತು. ಮಗುವಿನ ಬೆನ್ನು ತಟ್ಟಿದ ಬಲಗೈಯನ್ನು ಬ್ಯಾಂಡು ಅಷ್ಟು ಹೊತ್ತೂ ಎಣಿಸಿಕೊಂಡಿತ್ತು. ಒಂದು ದಿನ, ಒಂದೇ ಒಂದು ದಿನ, ತಾನೇ ಕಟ್ಟಿಕೊಂಡು ಹೋಗಿ ನೋಡಿದ್ದರೆ ಸಾಕಿತ್ತು.