ತೀರ್ಪುಗಾರರ ಮುಖ

ಹುಣಸೂರು ದಾಟಿದ ಬಸ್ಸು ಹ್ಯಾಂಡ್‌ಪೋಸ್ಟ್ ಊರಿನ ದಾರಿ ಹಿಡಿದದ್ದೇ ತಡ, ಕಿಟಕಿಯಿಂದ ಹೊಗೆಸೊಪ್ಪು ಬೇಯುವ ವಾಸನೆ ನುಗ್ಗಿತು. ಸೊಪ್ಪು ಬೇಯಿಸಿ ಹದಮಾಡುವ ಬ್ಯಾರನ್ನಿನಿಂದ ಬರುವ ಆ ಸಿಹಿಘಾಟು ನಿಮಗೆ ಗೊತ್ತಿಲ್ಲದಿದ್ದರೆ ಹೇಳಿ ಪ್ರಯೋಜನವಿಲ್ಲ, ಗೊತ್ತಿದ್ದರೆ ಹೇಳುವ ಅಗತ್ಯವೇ ಇಲ್ಲ. ನಾನು ಹೊರಟಿದ್ದದ್ದು ಒಂದು ಶಾಲೆಯ ಗಾಯನ ಸ್ಪರ್ಧೆಗೆ, ತೀರ್ಪುಗಾರಳಾಗಿ, ಅದೂ ಮೊದಲ ಸಲ. ಹಾಡು ಗೊತ್ತಿತ್ತು, ಅಂಕ ಹಾಕುವುದೂ ಗೊತ್ತಿತ್ತು. ಮಕ್ಕಳು ಹಾಡುವಾಗ ಮುಖ ಹೇಗಿಟ್ಟುಕೊಳ್ಳಬೇಕು ಎಂಬುದೊಂದೇ ಗೊತ್ತಿರಲಿಲ್ಲ. ಕಿಟಕಿಯ ಗಾಜಿನಲ್ಲಿ ಒಂದೆರಡು ಬಗೆಯ ಮುಖ ಮಾಡಿ ನೋಡಿಕೊಂಡೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ತನ್ನ ಮಗುವನ್ನು ಮೆಲ್ಲಗೆ ಆ ಕಡೆಯ ತೊಡೆಗೆ ಸಾಗಿಸಿದಳು.

ನಗಬೇಡಿ. ಈ ಮುಖದ ವಿಷಯ ನನಗೆ ಹುಡುಗಾಟವಲ್ಲ.

ತೊಂಬತ್ತರ ದಶಕದ ಮಾತು. ನಾನಾಗ ಮಿಡ್ಲ್ ಸ್ಕೂಲು. ಹುಣಸೂರಿನಲ್ಲಿ ತಾಲ್ಲೂಕು ಮಟ್ಟದ ಗಾಯನ ಸ್ಪರ್ಧೆಗೆ ನಮ್ಮ ಊರಿನ ಶಾಲೆಯಿಂದ ನನ್ನನ್ನು ಕಳಿಸಿದ್ದರು. ಎದುರಿಗೆ ತೀರ್ಪುಗಾರರ ಕುರ್ಚಿಯಲ್ಲಿ ದಪ್ಪ ಮೀಸೆಯ ಮೇಷ್ಟರೊಬ್ಬರು ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದರು. ಶ್ರುತಿಪೆಟ್ಟಿಗೆ ಹಾಡಿತು, ನಾನು ಹಾಡಲಿಲ್ಲ. ಕೈ ಮುಗಿದು ಇಳಿದು ಬಂದೆ. ಕೈ ಮುಗಿದದ್ದು ಬಹಳ ಚೆನ್ನಾಗಿತ್ತು ಎಂದು ಗೆಳತಿಯರು ಸಮಾಧಾನ ಹೇಳಿದರು.

ಮಾರನೆಯ ವರ್ಷ ಮತ್ತೆ ಹೆಸರು ಕೊಟ್ಟಾಗ ಅವ್ವ ಕಡ್ಡಿ ಮುರಿದಂತೆ ಹೇಳಿದಳು: "ಈ ಸಲನೂವೆ ಬಾಯ್ ಬುಡ್ದೆ ಬಂದ್ಯೋ, ಸಂಗೀತದ್ ಪಾಠ ಅಲ್ಲಿಗೇ ಸಾಕು. ಸಾಯಂಕಾಲ ಕೂತ್ಕಂಡು ಸೊಪ್ಪು ಕಟ್ಟು." ಹಾಗೆ ಹೇಳಿದರೆ ಮಾಡುವವಳೇ ಅವಳು. ಪಾಠ ತಪ್ಪಿದರೆ ನಾನು ಏನಾಗುತ್ತೇನೋ ಎಂದು ರಾತ್ರಿಯೆಲ್ಲ ಅತ್ತೆ. ಅಷ್ಟು ಆಸೆ ಇತ್ತು ಹಾಡಿನ ಮೇಲೆ, ಅಷ್ಟೇ ಭಯ ಆ ಕುರ್ಚಿಯ ಮೇಲೆ.

ಅಪ್ಪ ಹೆಚ್ಚು ಮಾತಿನವನಲ್ಲ. ಒಂದು ಬೆಳಿಗ್ಗೆ ನಮ್ಮ ಹೊಲದ ಹೊಗೆಸೊಪ್ಪಿನ ಜೊತೆ ನನ್ನನ್ನೂ ಗಾಡಿ ಹತ್ತಿಸಿಕೊಂಡು ಹರಾಜು ಮಾರುಕಟ್ಟೆಗೆ ಕರೆದುಕೊಂಡು ಹೋದ. ಉದ್ದಕ್ಕೆ ಸಾಲಾಗಿ, ಗೋಣಿ ಸುತ್ತಿ ಕಟ್ಟಿದ ಸೊಪ್ಪಿನ ಬೇಲುಗಳು. ಕೊಳ್ಳುವವನೊಬ್ಬ ಬಂದು ನಮ್ಮ ಬೇಲಿನಿಂದ ಒಂದು ಎಲೆ ಎಳೆದು, ಮೂಸಿ, ಬೇವು ಅಗಿದವನ ಹಾಗೆ ಮುಖ ಸಿಂಡರಿಸಿದ. ನನಗೆ ಅಳುವೇ ಬಂತು.

"ಅಪ್ಪಾ, ನಮ್ ಸೊಪ್ಪು ಚೆಂದಾಗಿಲ್ವಾ?"

"ಚೆಂದಾಗಿರೋದ್ಕೇ ಕಣವ್ವ ಅಂಗ್ ಮಾಡೋದು," ಎಂದು ಅಪ್ಪ ಕಿವಿಯಲ್ಲಿ ಪಿಸುಗುಟ್ಟಿದ. "ಆಸೆ ತೋರುಸ್ಬುಟ್ರೆ ರೇಟು ಏರ್ತದಲ್ಲ! ಈಗ ಆ ಕರೀ ಸೊಪ್ಪಿನತ್ರ ಏನ್ಮಾಡ್ತಾನೆ ನೋಡು."

ಅವನು ಪಕ್ಕದ ಕಪ್ಪುಗಟ್ಟಿದ ಬೇಲಿನ ಮುಂದೆ ನಿಂತು, ಅದರ ಯಜಮಾನನಿಗೆ ಹಲ್ಲು ಬಿಟ್ಟು ನಕ್ಕು, ಬೆಲೆಯನ್ನೇ ಹೇಳದೆ ಮುಂದೆ ಹೋಗಿಯೇಬಿಟ್ಟ.

"ನಿನ್ ಜಡ್ಜೂ ಅಂಗೇಯ. ಮಕ ಗಂಟಾಕಂಡ್ರೆ ಮಾಲು ಒಳ್ಳೇದು ಅಂತ ತಿಳ್ಕೊ," ಎಂದ ಅಪ್ಪ.

ಅಂದಿನಿಂದ ನಮ್ಮ ಸಾಧನೆ ಹೊಸ ರೀತಿಯಲ್ಲಿ ನಡೆಯಿತು. ಬ್ಯಾರನ್ನಿನ ಮುಂದೆ ನಾನು ಹಾಡುವುದು, ಅಪ್ಪ ಎದುರಿಗೆ ಕೂತು ಮುಖ ಸಿಂಡರಿಸುವುದು. "ಕೂಸು ಹಾಡ್ತಾ ಅದೆ, ಇವ್ರು ಅಳ್ಳೆಣ್ಣೆ ಕುಡ್ದೋರಂಗೆ ಕುಂತೌರೆ," ಎಂದು ಅವ್ವ ಓಡಾಡುವಾಗಲೆಲ್ಲ ಗೊಣಗುತ್ತಿದ್ದಳು. ಅಪ್ಪನ ಮುಖ ಕೆಟ್ಟಷ್ಟೂ ನನ್ನ ಗಂಟಲು ತೆರೆಯಿತು. ಈ ಲೋಕದ ಯಾವ ಮೀಸೆಗೂ ನಾನಿನ್ನು ಹೆದರುವುದಿಲ್ಲ ಎಂದುಕೊಂಡು ಸ್ಪರ್ಧೆಗೆ ಹೋದೆ.

ಆ ವರ್ಷ ಕುರ್ಚಿಯಲ್ಲಿ ಮೀಸೆಯೇ ಇರಲಿಲ್ಲ. ಮೈಸೂರಿನಿಂದ ಬಂದ, ಮಲ್ಲಿಗೆ ಮುಡಿದ, ದುಂಡುಮುಖದ ಅಮ್ಮನವರೊಬ್ಬರು ನನ್ನನ್ನು ನೋಡಿ ಬಾಯ್ತುಂಬ ನಕ್ಕರು.

ಇನ್ನೂ ಬಾಯಿ ತೆರೆದಿಲ್ಲ, ಆಗಲೇ ಕರೀ ಸೊಪ್ಪಾಗಿದ್ದೆ! ಪಲ್ಲವಿ ಎತ್ತಿದೆ, ದನಿ ನಡುಗಿತು. ಪಾಪ, ಅವರು ಧೈರ್ಯ ತುಂಬಲೆಂದು ಇನ್ನಷ್ಟು ನಕ್ಕರು. ಅವರು ನಕ್ಕಷ್ಟೂ ನನ್ನ ರೇಟು ಇಳಿಯುತ್ತಿತ್ತು. ಕೊನೆಗೆ ಹಾಡು ನಿಂತೇ ಹೋಯಿತು. ಅವ್ವನ ಮಾತು ನೆನಪಾಯಿತು. ಅಳು ನುಂಗಿಕೊಂಡು ಕೈ ಮುಗಿದೆ.

"ಮಿಸ್, ನಗ್ಬೇಡಿ ಮಿಸ್. ಸ್ವಲ್ಪ ಮಕ ಸಿಂಡ್ರುಸ್ಕೊಳಿ."

"ಯಾಕಮ್ಮಾ?" ಎಂದರು ಅವರು ಗಾಬರಿಯಿಂದ.

"ನೀವು ನಕ್ರೆ ಮಾಲು ಚೆಂದಾಗಿಲ್ಲ ಅಂತ."

ಅವರ ಹಿಂದೆ ಕೂತಿದ್ದವರೆಲ್ಲ ಹೊಗೆಸೊಪ್ಪು ಬೆಳೆಯುವವರೇ. ಸಭೆ ಗೊಳ್ಳೆಂದಿತು. ಅಮ್ಮನವರಿಗೆ ತಲೆಬುಡ ತಿಳಿಯಲಿಲ್ಲ. ಆದರೂ ದೊಡ್ಡ ಮನಸ್ಸು ಮಾಡಿ ಮುಖ ಸಿಂಡರಿಸಿದರು. ಅಭ್ಯಾಸವಿಲ್ಲದ ಮುಖ, ಸೀನು ಅರ್ಧಕ್ಕೆ ನಿಂತವರ ಹಾಗೆ ಕಾಣಿಸಿತು. ನನಗೆ ನಗು ತಡೆಯಲಾಗಲಿಲ್ಲ. ಆ ನಗುವಿನಲ್ಲೇ ಭಯ ಹೊರಟುಹೋಗಿ, ಅದರ ಹಿಂದೆಯೇ ಹಾಡು ಬಂತು. ಪೂರ್ತಿ ಬಂತು.

ಮೂರನೆಯ ಬಹುಮಾನವಾಗಿ ಒಂದು ಸ್ಟೀಲ್ ಲೋಟ ಸಿಕ್ಕಿತು. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಬಸ್ ಸ್ಟ್ಯಾಂಡಿನ ಜನರೆಲ್ಲ ನೋಡುತ್ತಿದ್ದಂತೆಯೇ, ಮುಖವನ್ನು ಭಯಂಕರವಾಗಿ ಸಿಂಡರಿಸಿದ. ಆಮೇಲೆ ಎಷ್ಟೋ ಜನ ಮೆಚ್ಚಿದ್ದಾರೆ, ಶಾಲು ಕೂಡ ಹೊದಿಸಿದ್ದಾರೆ. ಅಷ್ಟು ಸಂತೋಷ ಮತ್ತೆ ಆಗಿಲ್ಲ. ಪಾಠದ ವಿಷಯ ಅವ್ವ ಮತ್ತೆ ಎತ್ತಲಿಲ್ಲ.

ಇಷ್ಟೆಲ್ಲ ನೆನೆಯುತ್ತ ಬಸ್ಸಿಳಿದು ಶಾಲೆಗೆ ಹೋದೆ, ಕುರ್ಚಿಯಲ್ಲಿ ಕೂತೆ. ಅಂತರಸಂತೆ ಕಡೆಯ ಪುಟ್ಟ ಹುಡುಗಿಯೊಬ್ಬಳು ಬಂದು ನಿಂತಳು. ಕಾಲಿನ ಹೆಬ್ಬೆರಳು ನೆಲ ಕೆರೆಯುತ್ತಿತ್ತು, ಬಾಯಿ ಮಾತ್ರ ತೆರೆಯಲೊಲ್ಲದು. ನಾನು ನಕ್ಕೆ, ಅವಳು ಬಾಗಿಲು ನೋಡಿದಳು. ಅಪ್ಪನನ್ನು ನೆನೆದು ಮುಖ ಸಿಂಡರಿಸಿದೆ. ಒಂದು ಹೆಜ್ಜೆ ಹಿಂದಕ್ಕೇ ಹೋದಳು. ನನ್ನ ವಿದ್ಯೆಯೆಲ್ಲ ಅಲ್ಲಿಗೆ ಮುಗಿಯಿತು.

"ನಾನು ಹೆಂಗಿರ್ಲಿ, ನೀನೇ ಹೇಳು ಮಗ."

ಅವಳು ನನ್ನನ್ನೊಮ್ಮೆ, ನನ್ನ ಹಿಂದಿನ ಗೋಡೆಯನ್ನೊಮ್ಮೆ ನೋಡಿದಳು. "ಅತ್ಲಾಗೆ ತಿರಿಕ್ಕಳಿ ಮಿಸ್."

ತಿರುಗಿದೆ. ಕುರ್ಚಿಯನ್ನೇ ಎತ್ತಿ ತಿರುಗಿಸಿ ಗೋಡೆಯ ಕಡೆ ಮುಖ ಮಾಡಿ ಕೂತೆ. ಹಿಂದಿನಿಂದ ಸಣ್ಣಗೆ ಶುರುವಾದ ದನಿ ಸಾಲಿನಿಂದ ಸಾಲಿಗೆ ಗಟ್ಟಿಯಾಯಿತು. ವಾರದಿಂದ ನನ್ನನ್ನು ಚಿಂತೆಗೆ ಹಚ್ಚಿದ್ದ ಈ ಮುಖ, ನೋಡುವವರಿಲ್ಲದೆ, ತನಗೆ ಬೇಕಾದ ಹಾಗೆ ನಕ್ಕಿತು, ಅತ್ತಿತು. ಹಾಡು ಮುಗಿದ ಮೇಲೂ ನಾನು ಹಾಗೆಯೇ ಕೂತಿದ್ದೆ. ಹಿಂದಿನಿಂದ ಯಾರೋ ಮೆತ್ತಗೆ ನನ್ನ ಸೆರಗು ಎಳೆದರು.

"ಆಯ್ತು ಮಿಸ್. ಈಗ ನೋಡ್ಬೌದು."