ಇಳಿಯಿತೆಂದುಕೊಂಡ ತುತ್ತು

ಗಂಟಲಿನ ಗಡ್ಡೆ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ, ರೇಡಿಯೇಶನ್ ಶುರುವಾಗುವ ಮುನ್ನ ರಾಯಚೂರಿನ ಆಸ್ಪತ್ರೆಯಲ್ಲಿ ನನ್ನನ್ನು ಒಬ್ಬ ಮೇಡಂ ಹತ್ತಿರ ಕಳಿಸಿದರು. ರೋಗಿಗಳು ಸರಿಯಾಗಿ ನುಂಗುತ್ತಾರೋ ಇಲ್ಲವೋ ಎಂದು ಪರೀಕ್ಷಿಸುವುದೇ ಅವರ ಕೆಲಸವಂತೆ. ನನಗೆ ನಗು ಬಂತು. ಮಾನ್ವಿಯ ಶಾಲೆಯಲ್ಲಿ ಮಕ್ಕಳ ಪರೀಕ್ಷೆ ನಡೆಸಿ ನಡೆಸಿ ಸಾಕಾದವಳಿಗೆ ಈಗ ಊಟದಲ್ಲೂ ಪರೀಕ್ಷೆ.

ನುಂಗಲು ತೊಂದರೆಯಿದ್ದರೆ ಚಿಕಿತ್ಸೆಗೆ ಮೊದಲೇ ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಬೇಕಾಗಬಹುದು ಎಂದು ಮೇಡಂ ಮೊದಲೇ ಹೇಳಿದರು. ಗಡ್ಡೆಗಿಂತ ಆ ನಳಿಗೆಗೇ ನಾನು ಹೆಚ್ಚು ಹೆದರಿದೆ. ಅದನ್ನು ಮೂಗಿಗೆ ಸಿಕ್ಕಿಸಿಕೊಂಡು ಯಾವ ಮುಖದಿಂದ ಪಾಠ ಹೇಳಲಿ?

“ನುಂಗಲಿಕ್ಕೆ ತ್ರಾಸ ಆಗ್ತದೇನ್ರೀ?” ಎಂದು ಕೇಳಿದರು.

“ಏನೂ ಇಲ್ರೀ. ಹೊಟ್ಟಿ ತುಂಬ ಉಣ್ತೀನಿ,” ಎಂದೆ. ಹೆದರಿಕೆಗೆ ಹೇಳಿದ ಮಾತಲ್ಲ ಅದು. ಆಣೆ ಮಾಡು ಎಂದಿದ್ದರೂ ಮಾಡುತ್ತಿದ್ದೆ.

ಪಕ್ಕದಲ್ಲಿ ಅಕ್ಕ ಕುಳಿತಿದ್ದಳು. ಸುದ್ದಿ ಕೇಳಿ ದೇವದುರ್ಗದಿಂದ ಬಂದು ನಮ್ಮ ಮನೆಯಲ್ಲೇ ಉಳಿದಿದ್ದಳು. “ಹಂಗಂದ್ರ ರೊಟ್ಟಿ ಯಾಕ ಸಾರಿನಾಗ ನೆನಿಸಿ ಗಂಜಿ ಮಾಡಾಕತ್ತಿ? ಕಡಕ್ ರೊಟ್ಟಿ ಮುರಕೊಂಡು ಶೇಂಗಾ ಹಿಂಡಿ ಹಚ್ಚಿ ತಿನ್ನಾಕಿ ನೀನು,” ಎಂದಳು.

“ನೆನಿಸಿದ್ರ ರುಚಿ, ಅಕ್ಕಾ.”

ಆ ರುಚಿ ಯಾವಾಗಿನಿಂದ ಹತ್ತಿತು ಎಂದು ಯೋಚಿಸಿದೆ. ಯುಗಾದಿಗೆ ಮುಂಚೆಯೋ, ಬೇಸಿಗೆ ರಜೆಯಲ್ಲೋ? ಹಲ್ಲು ಸವೆದವು ಎಂದುಕೊಂಡಿದ್ದೆನೇ? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ನನ್ನ ಊಟದ ಸುದ್ದಿ ನನಗಿಂತ ಇವಳಿಗೆ ಹೆಚ್ಚು ಗೊತ್ತೇ ಎಂದು ಅಕ್ಕನ ಮೇಲೆ ಸಿಟ್ಟು ಬಂತು.

ಅಕ್ಕ ತಂದಿದ್ದ ಬುತ್ತಿಯಿಂದ ಮೇಡಂ ಕಡಕ್ ರೊಟ್ಟಿಯ ಒಂದು ಚೂರು ಕೊಡಿಸಿದರು. ಅಗಿದೆ, ನುಂಗಿದೆ. ಕೆಮ್ಮಲಿಲ್ಲ, ನೀರೂ ಕೇಳಲಿಲ್ಲ. ಗೆದ್ದವಳ ಹಾಗೆ ಅಕ್ಕನತ್ತ ನೋಡಿ, “ಆತ್ರೀ, ಇಳೀತು,” ಎಂದೆ.

“ಬಾಯಿ ತೆಗೀರಿ,” ಎಂದರು ಮೇಡಂ.

ಬ್ಯಾಟರಿಯ ಬೆಳಕು ಬಿಟ್ಟು ನೋಡಿ, ಮೊಬೈಲಿನಲ್ಲಿ ಫೋಟೊ ತೆಗೆದು ತೋರಿಸಿದರು. ನಾಲಿಗೆಯ ಹಿಂಭಾಗದಲ್ಲಿ ಅರ್ಧ ತುತ್ತು ಹಾಗೆಯೇ ಕುಳಿತಿತ್ತು. ನನಗೇನೂ ಅನ್ನಿಸಿರಲಿಲ್ಲ, ನೋಡಿದ ಮೇಲೂ ಅನ್ನಿಸಲಿಲ್ಲ. ಬೇರೆ ಯಾರದೋ ಬಾಯಿ ಇರಬೇಕು ಎಂಬ ಹುಚ್ಚು ಯೋಚನೆಯೂ ಬಂತು. ಹಾಗಾದರೆ ಇಷ್ಟು ದಿನ ನಾನು ಉಂಡದ್ದೆಲ್ಲ ಎಲ್ಲಿಗೆ ಹೋಯಿತು?

“ಮನ್ಯಾಗ ಯಾರೂ ಗಮನಿಸಿಲ್ಲೇನ್ರೀ?” ಎಂದು ಮೇಡಂ ಅಕ್ಕನನ್ನು ಕೇಳಿದರು.

“ಗಂಗಾಳದಾಗ ಏನು ಉಣ್ತಾಳ ಅನ್ನೋದು ಕಾಣ್ತದ್ರೀ. ಉಣ್ಣೋರ ಬಾಯಿ ಮಾತ್ರ ನೋಡಂಗಿಲ್ಲ ನಾವು, ದೃಷ್ಟಿ ಆಗ್ತದ,” ಎಂದಳು ಅಕ್ಕ. ನಮ್ಮಲ್ಲಿ ಅದು ಕಟ್ಟುನಿಟ್ಟು. ಉಣ್ಣುವವರ ಬಾಯಿಯನ್ನು ಕೂಸು ನೋಡಿದರೂ ಅದರ ಮುಖವನ್ನು ಆಚೆ ತಿರುಗಿಸುತ್ತೇವೆ.

“ಇನ್ನ ಮ್ಯಾಲೆ ನೋಡ್ರಿ. ಒಂದು ವಾರ ನೋಡಿ ಬಂದು ಹೇಳ್ರಿ. ನಳಿಗಿ ಬೇಕೋ ಬ್ಯಾಡೋ ಆಮ್ಯಾಲೆ ತೀರ್ಮಾನ ಮಾಡೋಣ,” ಎಂದರು ಮೇಡಂ.

ಮಾನ್ವಿಗೆ ಮರಳಿದ ಸಂಜೆ ಅಕ್ಕ ಮೆತ್ತಗಿನ ಅನ್ನ ಬಡಿಸಿ ನನ್ನೆದುರೇ ಕುಳಿತಳು. ಮೊದಲು ನೆಟಿಕೆ ಮುರಿದು ದೃಷ್ಟಿ ತೆಗೆದಳು. ಆಮೇಲೆ ನಾಚಿಕೊಳ್ಳುತ್ತಲೇ ನನ್ನ ಬಾಯಿ ನೋಡತೊಡಗಿದಳು. ನಾನು ಒಂದು ತುತ್ತು ಅಗಿದು ನುಂಗಿದೆ.

“ಇಳೀತೇನು?” ಎಂದಳು.

ನಾನು ಬಾಯಿ ತೆರೆದು, ಇಳಿಯಿತೋ ಇಲ್ಲವೋ ಎಂದು ತಿಳಿಯಲು ಅವಳ ಮುಖವನ್ನೇ ನೋಡಿದೆ.